ಏರ್‌ಬಸ್ ಹೋಗಿ ಪಂಖಾ ವಿಮಾನ ಬಂದರೆ ಸಾಂಬ್ರಾ ಮುಚ್ಚುತ್ತದಾ?

ಪ್ರಶ್ನೆ: "ಸರ್, ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ನಂದೊಂದು ಸಣ್ಣ ಫೌಂಡ್ರಿ ಇದೆ. ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮೊದಲು ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ದೊಡ್ಡ ಏರ್‌ಬಸ್‌ನಲ್ಲಿ ಹೋಗುತ್ತಿದ್ದೆ. ಈಗ ನನಗೆ ಸಿಗುವುದು ಪಂಖಾ ವಿಮಾನ, ಇಲ್ಲವೇ ಸಣ್ಣ ಜೆಟ್. ಟಿಕೆಟ್ ಮಾತ್ರ ತುಟ್ಟಿ. ನಮ್ಮ ಭಾವ 1990ರ ದಶಕದಿಂದ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದಾರೆ. 'ನಮ್ಮಲ್ಲೂ ಹಿಂಗೇ ಆಯ್ತು. ಮೊದಲು ದೊಡ್ಡ ವಿಮಾನ ತೆಗೆದರು, ಸಣ್ಣ ಜೆಟ್ ಹಾಕಿದರು, ಆಮೇಲೆ ಅವನ್ನೂ ತೆಗೆದರು, ನೋಡ್ತಾ ಇರು' ಅಂದರು. ಅಂದಿನಿಂದ ಅದೇ ಚಿಂತೆ. ನಮ್ಮ ವಿಮಾನ ನಿಲ್ದಾಣವೂ ಮುಚ್ಚುವ ದಾರಿ ಹಿಡಿದಿದೆಯಾ? ಮನೆಯವರು ಪಂಖಾ ವಿಮಾನ ಅಂದರೆ ಹೆದರುತ್ತಾರೆ, ಅದು ಸೇಫಾ? ವಿಮಾನ ಸಣ್ಣದಾದರೆ ಖರ್ಚೂ ಕಡಿಮೆ ಅಲ್ವಾ, ಮತ್ತೆ ಟಿಕೆಟ್ ಯಾಕೆ ಇಳಿಯುವುದಿಲ್ಲ? ಮಗಳು ಮುಂದಿನ ವರ್ಷ ಓದಲು ಭಾವನ ಊರಿಗೇ ಹೋಗುತ್ತಾಳೆ. ಇನ್ನು ಮೇಲೆ ಹುಬ್ಬಳ್ಳಿ ಅಥವಾ ಗೋವಾ ಹಿಡಿಯುವುದೇ ಒಳ್ಳೆಯದಾ?"

ಉತ್ತರ: ನಮಸ್ಕಾರ ರೀ. ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ. ಸೇಂಟ್ ಲೂಯಿಸ್‌ಗೆ ಆದದ್ದು ಬೆಳಗಾವಿಗೂ ಆಗುತ್ತದಾ ಅಂತ. ವಿಮಾನ ಕಂಪನಿಗಳಲ್ಲಿ ಯಾವ ಊರಿಗೆ ಯಾವ ವಿಮಾನ, ಎಷ್ಟು ಗಂಟೆಗೆ ಅಂತ ವೇಳಾಪಟ್ಟಿ ಹೆಣೆಯುವ ಕೆಲಸದಲ್ಲೇ ನನ್ನ ಬಹುಪಾಲು ನೌಕರಿ ಕಳೆಯಿತು. ಹಾಗಾಗಿ ನಿಮ್ಮ ಚಿಂತೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಭಾವ ಹೇಳಿದ್ದು ಅವರ ಊರಿನ ಮಟ್ಟಿಗೆ ನೂರಕ್ಕೆ ನೂರು ನಿಜ. ನಮ್ಮ ಊರಿಗೆ ಅದು ಅರ್ಧ ಮಾತ್ರ ಹೊಂದುತ್ತದೆ. ಯಾವ ಅರ್ಧ ಅನ್ನುವುದೇ ಮುಖ್ಯ.

ಮೊದಲು ಅವರ ಊರಿನ ಕಥೆ ನೋಡೋಣ. ಸೇಂಟ್ ಲೂಯಿಸ್ ಟಿಡಬ್ಲ್ಯೂಎ ಅನ್ನುವ ಹಳೆಯ ಕಂಪನಿಯ ಹಬ್ ಆಗಿತ್ತು. ಹಬ್ ಅಂದರೆ ಏನು? ನಮ್ಮ ಲೋಂಡಾ ಜಂಕ್ಷನ್ ನೆನಪಿಸಿಕೊಳ್ಳಿ. ಅಲ್ಲಿ ನಿಂತು ಹೋಗುವ ಗಾಡಿಗಳ ಲೆಕ್ಕ ನೋಡಿದರೆ ಅದೊಂದು ದೊಡ್ಡ ಪಟ್ಟಣ ಅನ್ನಿಸಬೇಕು. ಆದರೆ ಇಳಿಯುವವರಲ್ಲಿ ಎಷ್ಟೋ ಜನ ಲೋಂಡಾಕ್ಕೆ ಬಂದವರಲ್ಲ, ಗೋವಾ ಕಡೆಗೋ ಹುಬ್ಬಳ್ಳಿ ಕಡೆಗೋ ಗಾಡಿ ಬದಲಿಸುವವರು. ಸೇಂಟ್ ಲೂಯಿಸ್ ಕೂಡ ಹಾಗೇ ಇತ್ತು. 2000ನೇ ಇಸವಿಯಲ್ಲಿ ವರ್ಷಕ್ಕೆ 3 ಕೋಟಿಗೂ ಹೆಚ್ಚು ಪ್ರಯಾಣಿಕರು ಅಲ್ಲಿ ಹತ್ತಿ ಇಳಿಯುತ್ತಿದ್ದರು. ಅವರಲ್ಲಿ ದೊಡ್ಡ ಪಾಲು ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಗುವಾಗ ನಡುವೆ ವಿಮಾನ ಬದಲಿಸುವವರದ್ದು. 2001ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯೂಎಯನ್ನು ಕೊಂಡುಕೊಂಡಿತು. ಅದಕ್ಕೆ ಆಗಲೇ ಶಿಕಾಗೋ, ಡಲ್ಲಾಸ್ ಎರಡು ಕಡೆ ದೊಡ್ಡ ಹಬ್ ಇದ್ದವು. ಮಧ್ಯದಲ್ಲಿ ಮೂರನೆಯದು ಯಾಕೆ? ಐದು ತಿಂಗಳಿಗೆ ಸೆಪ್ಟೆಂಬರ್ 11ರ ದಾಳಿ ಆಯಿತು, ಜನ ಹಾರುವುದೇ ಕಡಿಮೆಯಾಯಿತು. 2003ರ ನವೆಂಬರ್‌ನಲ್ಲಿ ದಿನದ ಹಾರಾಟಗಳನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿದರು. ಉಳಿದವುಗಳಲ್ಲೂ ತುಂಬಾ ಕಡೆ ದೊಡ್ಡ ಜೆಟ್ ತೆಗೆದು, 50 ಸೀಟಿನ ಆಸುಪಾಸಿನ ಸಣ್ಣ ಜೆಟ್, ಅಂದರೆ ರೀಜನಲ್ ಜೆಟ್ ಹಾಕಿದರು. 2004ಕ್ಕೆ ಪ್ರಯಾಣಿಕರ ಸಂಖ್ಯೆ 2000ರ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಇದರಲ್ಲಿ ನನ್ನ ಮನಸ್ಸಿಗೆ ನಾಟಿರುವ ಸಂಗತಿ ಬೇರೆಯೇ ಇದೆ. ಆ ಹಬ್ ಬೆಳೆಯುತ್ತದೆ ಅಂತ ನಂಬಿ ಆ ಊರಿನವರು ಹೊಸ ರನ್‌ವೇ ಶುರು ಮಾಡಿದ್ದರು. ಅದಕ್ಕಾಗಿ ಪಕ್ಕದ ಬ್ರಿಜ್‌ಟನ್ ಅನ್ನುವ ಊರಿನಲ್ಲಿ ಸುಮಾರು 2,000 ಮನೆಗಳನ್ನು ಕೆಡವಿದರು. ಖರ್ಚು 100 ಕೋಟಿ ಡಾಲರ್ ದಾಟಿತು. ರನ್‌ವೇ ಬಳಕೆಗೆ ತೆರೆದದ್ದು 2006ರಲ್ಲಿ. ಅಷ್ಟರಲ್ಲಿ ಯಾವ ಹಬ್‌ಗಾಗಿ ಅದನ್ನು ಕಟ್ಟಿದರೋ ಅದೇ ಕರಗಿ ಹೋಗಿತ್ತು. ನಮ್ಮಲ್ಲೂ 2024ರ ಮಾರ್ಚ್‌ನಲ್ಲಿ ಸಾಂಬ್ರಾದ ಹೊಸ ಟರ್ಮಿನಲ್‌ಗೆ ಅಡಿಗಲ್ಲು ಬಿದ್ದಿದೆ. ನನಗೆ ಸಂತೋಷವೇ. ಆದರೆ ಕಟ್ಟಡ ನೋಡಿ ವಿಮಾನ ಬರುವುದಿಲ್ಲ. ಬರುವುದು ಜನ ನೋಡಿ.

ಸಣ್ಣ ಜೆಟ್ಟೇ ಊರನ್ನು ಕೊಂದಿತು ಅಂತ ನಿಮ್ಮ ಭಾವನಿಗೆ ಅನ್ನಿಸಿರಬಹುದು. ಅಲ್ಲ. ಬದಲಿ ಹತ್ತುವ ಜನ ಹೋದದ್ದರಿಂದ ಹಬ್ ಹೋಯಿತು, ಸಣ್ಣ ಜೆಟ್ ಅದರ ಗುರುತು ಅಷ್ಟೇ. ಜ್ವರ ಬಂದಾಗ ಮೈ ಬಿಸಿಯಾದ ಹಾಗೆ. ಆಮೇಲೆ ಆ ಸಣ್ಣ ಜೆಟ್‌ಗಳೂ ಹೋದದ್ದಕ್ಕೆ ಇನ್ನೊಂದು ಕಾರಣ ಇದೆ. 50 ಸೀಟಿನ ಜೆಟ್ ತೈಲ ಅಗ್ಗ ಇದ್ದ ಕಾಲದ ಕೂಸು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿದಾಗ, ಅಷ್ಟು ಕಡಿಮೆ ಸೀಟಿಗೆ ಅಷ್ಟು ಇಂಧನ ಸುಡುವುದು ಯಾವ ಲೆಕ್ಕಕ್ಕೂ ಬರಲಿಲ್ಲ. ಸಿನ್ಸಿನಾಟಿಯಲ್ಲೂ ಡೆಲ್ಟಾ ಕಂಪನಿಯ ಹಬ್ ಹೀಗೇ ಕುಗ್ಗಿತು. ಅಲ್ಲಿ ಸಣ್ಣ ಜೆಟ್‌ಗಳನ್ನು ಹಾರಿಸುತ್ತಿದ್ದ ಕಾಮ್‌ಏರ್ 2012ರಲ್ಲಿ ಬಾಗಿಲು ಹಾಕಿತು. ಪಿಟ್ಸ್‌ಬರ್ಗ್‌ನದ್ದೂ ಅದೇ ಕಥೆ, ಅಲ್ಲಿ ಕಂಪನಿ ಬೇರೆ.

ಆದರೆ ಇವುಗಳಲ್ಲಿ ಒಂದು ವಿಮಾನ ನಿಲ್ದಾಣವೂ ಮುಚ್ಚಲಿಲ್ಲ. ಇದನ್ನು ನಿಮ್ಮ ಭಾವನಿಗೂ ಹೇಳಿ. ದೊಡ್ಡ ಕಂಪನಿ ಹೋದ ಜಾಗಕ್ಕೆ ಸೇಂಟ್ ಲೂಯಿಸ್‌ನಲ್ಲಿ ಸೌತ್‌ವೆಸ್ಟ್ ಬೆಳೆಯಿತು, ಇವತ್ತು ಅಲ್ಲಿ ಅದೇ ದೊಡ್ಡದು. ಸಿನ್ಸಿನಾಟಿ ಒಂದು ಕಾಲಕ್ಕೆ ಟಿಕೆಟ್ ತುಟ್ಟಿ ಅಂತಲೇ ಹೆಸರಾಗಿತ್ತು. ಹಬ್ ಕುಗ್ಗಿದ ಮೇಲೆ ಅಗ್ಗದ ಕಂಪನಿಗಳು ಬಂದು ದರ ಇಳಿಯಿತು. 2021ರಿಂದ ಅಮೆಜಾನ್‌ನ ಸರಕು ವಿಮಾನಗಳ ದೊಡ್ಡ ಹಬ್ ಕೂಡ ಅಲ್ಲೇ ಇದೆ. ಅಂದರೆ ಬದಲಿ ಹತ್ತುವವರು ಹೋದರು, ಊರಿನ ಜನ ಉಳಿದರು. ಊರಿನ ಜನಕ್ಕೆ ಬೇಕಾದಷ್ಟು ವಿಮಾನವೂ ಉಳಿಯಿತು.

ಈಗ ಬೆಳಗಾವಿಗೆ ಬರೋಣ. ನಮ್ಮದು ಯಾವತ್ತೂ ಆ ಅರ್ಥದಲ್ಲಿ ಹಬ್ ಆಗಿರಲಿಲ್ಲ. ಸಾಂಬ್ರಾದಲ್ಲಿ ಹತ್ತುವವರು ನೀವು, ನಾನು, ಕೆಎಲ್ಇ ಆಸ್ಪತ್ರೆಗೆ ಬಂದವರು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ಬಂದ ವಿದೇಶದ ಎಂಜಿನಿಯರ್, ಸೇನೆಯವರು. (ಏರ್‌ಬಸ್‌ಗೂ ಬೋಯಿಂಗ್‌ಗೂ ಬಿಡಿಭಾಗ ಮಾಡಿ ಕಳಿಸುವ ಜಿಲ್ಲೆ ನಮ್ಮದು. ಇದು ನನಗೆ ಯಾವಾಗಲೂ ಹೆಮ್ಮೆಯ ವಿಷಯ.) ಇವರು ಈ ಊರಿನ ಕೆಲಸಕ್ಕೇ ಹತ್ತಿ ಇಳಿಯುವವರು. ಯಾವುದೋ ಕಂಪನಿ ಇನ್ನೊಂದನ್ನು ಕೊಂಡುಕೊಂಡಿತು ಅಂತ ಇವರು ಮಾಯವಾಗುವುದಿಲ್ಲ.

ಮತ್ತೆ ದೊಡ್ಡ ವಿಮಾನ ಯಾಕೆ ಹೋಗುತ್ತದೆ? ಲೆಕ್ಕ ಸರಳ. ಖಾನಾಪುರಕ್ಕೆ 15 ಜನ ಹೋಗುವವರಿದ್ದರೆ ಇಡೀ ಬಸ್ ಬಿಡುವುದು ನಷ್ಟ. ಎರಡು ಟಂಟಂ ಬಿಟ್ಟರೆ ತಲೆಗೆ ಖರ್ಚು ಸ್ವಲ್ಪ ಜಾಸ್ತಿ, ಆದರೆ ಒಟ್ಟು ಖರ್ಚು ಕಡಿಮೆ. ಏರ್‌ಬಸ್ 320ರಲ್ಲಿ 180ರ ಆಸುಪಾಸು ಸೀಟು, ಗಂಟೆಗೆ ಎರಡು ಟನ್ನಿಗೂ ಮೇಲೆ ಇಂಧನ. ಎಟಿಆರ್ 72, ಅಂದರೆ ನಿಮ್ಮ ಪಂಖಾ ವಿಮಾನ, ಅದರ ಮೂರನೇ ಒಂದು ಭಾಗ ಸುಡುತ್ತದೆ. ಇಲ್ಲಿಂದ ಬೆಂಗಳೂರು ಆಕಾಶದಲ್ಲಿ ಬರೀ 440 ಕಿಲೋಮೀಟರಿನ ಆಸುಪಾಸು. ಜೆಟ್ ವೇಗವಾಗಿ ಹಾರಿದರೂ ಉಳಿಸುವುದು ಹತ್ತೋ ಇಪ್ಪತ್ತೋ ನಿಮಿಷ. ಸುಮ್ನೆ ಲೆಕ್ಕಕ್ಕೆ ಅಂತ, ದಿನಕ್ಕೆ 110 ಜನ ಹೋಗುವವರಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಏರ್‌ಬಸ್ ಹಾಕಿದರೆ 70 ಸೀಟು ಖಾಲಿ. ಎರಡು ಎಟಿಆರ್ ಹಾಕಿದರೆ ಬೆಳಿಗ್ಗೆ ಒಂದು, ಸಂಜೆ ಒಂದು. ನಿಮಗೆ ಯಾವುದು ಒಳ್ಳೆಯದು ಹೇಳಿ?

ಇದರ ಮೇಲೆ ನಿಯಮದ ಒಂದು ಎಳೆಯೂ ಇದೆ, ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ನಮ್ಮ ದೇಶದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ, 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಕ್ಕೆ ಇಳಿಯುವ ಶುಲ್ಕವೇ ಇಲ್ಲ. 40 ಟನ್ನಿಗಿಂತ ಕಡಿಮೆ ತೂಕದ ವಿಮಾನಕ್ಕೆ ತುಂಬುವ ಇಂಧನದ ಮೇಲೆ ಮಾರಾಟ ತೆರಿಗೆಯೂ ಕಡಿಮೆ. ಎಟಿಆರ್‌ನಲ್ಲಿ 78 ಸೀಟು, ಎಂಬ್ರೇಯರ್ 175 ಅನ್ನುವ ಸಣ್ಣ ಜೆಟ್‌ನಲ್ಲಿ 76 ಸೀಟು ಯಾಕಿವೆ ಅಂತ ಈಗ ಗೊತ್ತಾಯಿತಲ್ಲ. ವಿಚಿತ್ರ ಅಂದರೆ ಅಮೆರಿಕದಲ್ಲೂ ರೀಜನಲ್ ಜೆಟ್ಟಿನ ಗಡಿ 76 ಸೀಟೇ, ಆದರೆ ಕಾರಣ ಪೂರ್ತಿ ಬೇರೆ. ಅಲ್ಲಿ ದೊಡ್ಡ ಕಂಪನಿಗಳ ಪೈಲಟ್ ಸಂಘಗಳು, ಅದಕ್ಕಿಂತ ದೊಡ್ಡ ವಿಮಾನವನ್ನು ಕಡಿಮೆ ಸಂಬಳದ ಸಣ್ಣ ಕಂಪನಿಗೆ ಕೊಡಬಾರದು ಅಂತ ಒಪ್ಪಂದ ಮಾಡಿಕೊಂಡಿವೆ.

ದೊಡ್ಡ ವಿಮಾನ ಸಾಂಬ್ರಾಕ್ಕೆ ಬರುವುದು ಸಲೀಸಾದದ್ದೇ ಇತ್ತೀಚೆಗೆ. ಹಳೆಯ ರನ್‌ವೇ 1,830 ಮೀಟರ್ ಇತ್ತು. ಅದನ್ನು 2,300 ಮೀಟರ್ ಮಾಡಿ, ಆಗಿನ ಹೊಸ ಟರ್ಮಿನಲ್ ತೆರೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ಈಗ ಬರಬಹುದು. ಆದರೆ 2023ರಿಂದ ದೇಶದಲ್ಲೇ ಏರ್‌ಬಸ್‌ಗಳಿಗೆ ಬರ ಬಂತು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳಲ್ಲಿ ದೋಷ ಕಂಡು ಹತ್ತಾರು ವಿಮಾನ ನೆಲಕ್ಕೆ ಕೂತವು. ಗೋ ಫಸ್ಟ್ ಕಂಪನಿ ಅದೇ ಕಾರಣ ಹೇಳಿ 2023ರ ಮೇನಲ್ಲಿ ಹಾರಾಟವನ್ನೇ ನಿಲ್ಲಿಸಿತು. ಇರುವ ದೊಡ್ಡ ವಿಮಾನ ಕಡಿಮೆಯಾದಾಗ ಕಂಪನಿಗಳು ಅವನ್ನು ಮುಂಬೈ, ದೆಹಲಿಯಂಥ ತುಂಬಿ ಹೋಗುವ ಮಾರ್ಗಕ್ಕೇ ಹಾಕುತ್ತವೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಾಗಾದರೆ ಹೆದರುವುದೇ ಬೇಡವಾ? ಬೇಕು, ಆದರೆ ಬೇರೆ ಕಾರಣಕ್ಕೆ. 2018ರ ಮೇನಲ್ಲಿ ಒಂದು ಕಂಪನಿ ಇಲ್ಲಿನ ವಿಮಾನಗಳನ್ನು ಹುಬ್ಬಳ್ಳಿಗೆ ಎತ್ತಿಕೊಂಡು ಹೋದದ್ದು ನಿಮಗೆ ನೆನಪಿರಬೇಕು. ಆಗ ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಸಹಾಯಧನ ಹುಬ್ಬಳ್ಳಿಗೆ ಸಿಕ್ಕಿತ್ತು, ನಮಗೆ ಸಿಕ್ಕಿರಲಿಲ್ಲ. 2019ರಲ್ಲಿ ನಮಗೂ ಸಿಕ್ಕಿತು. ಸ್ಟಾರ್ ಏರ್ ಕಂಪನಿಯ 50 ಸೀಟಿನ ಎಂಬ್ರೇಯರ್‌ಗಳು ಇಂದೋರ್, ಸೂರತ್, ನಾಸಿಕ್ ಅಂತ ಇಲ್ಲಿಂದ ನೇರ ಹಾರತೊಡಗಿದವು. ಉಡಾನ್‌ನಲ್ಲಿ ಆ ಸಹಾಯಧನ ಮೂರು ವರ್ಷ ಮಾತ್ರ. ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಎಷ್ಟು ನಿಲ್ಲುತ್ತವೆ? ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿ ನೋಡಿ. ಉಡಾನ್‌ನ ಮೊದಲ ಮೂರು ಸುತ್ತಿನ ಒಟ್ಟು 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ನಮ್ಮ ಊರಿನ ನಿಜವಾದ ಆತಂಕ ಇಲ್ಲಿದೆ ನೋಡಿ.

ಎರಡನೇ ಆತಂಕ ಸೋರಿಕೆ, ಅಂದರೆ ನಮ್ಮ ಜನ ಪಕ್ಕದ ನಿಲ್ದಾಣಗಳಿಗೆ ಹೋಗಿ ಹತ್ತುವುದು. ಒಂದು ಕಡೆ ನೂರು ಕಿಲೋಮೀಟರಿಗೆ ಹುಬ್ಬಳ್ಳಿ, ಇನ್ನೊಂದು ಕಡೆ ಕೊಲ್ಹಾಪುರ, ಘಟ್ಟ ಇಳಿದರೆ ಗೋವಾ. 2023ರ ಜನವರಿಯಿಂದ ಗೋವಾದ್ದೇ ಮೋಪಾ ನಿಲ್ದಾಣವೂ ಸೇರಿಕೊಂಡಿದೆ. ನೀವು ಹುಬ್ಬಳ್ಳಿಯಿಂದ ಹಾರಿದ ದಿನ ಕಂಪನಿಯ ಲೆಕ್ಕದಲ್ಲಿ ನೀವು ಹುಬ್ಬಳ್ಳಿಯವರು. ಒಂದು ಊರಿನ ಬೆಳಗಿನ ವಿಮಾನ ತೆಗೆಯುವ ಸಭೆಯಲ್ಲಿ ನಾನೂ ಒಮ್ಮೆ ಕೂತಿದ್ದೆ. ಯಾರೂ ಆ ಊರಿನ ಜನಸಂಖ್ಯೆ ಕೇಳಲಿಲ್ಲ, ಕಾರ್ಖಾನೆ ಎಷ್ಟಿವೆ ಅಂತ ಕೇಳಲಿಲ್ಲ. ಎದುರಿಗಿದ್ದದ್ದು ಎರಡೇ ಅಂಕಿ. ಸರಾಸರಿ ಎಷ್ಟು ಸೀಟು ತುಂಬುತ್ತದೆ, ಕೊನೆಯ ಏಳು ದಿನದಲ್ಲಿ ಎಷ್ಟು ಟಿಕೆಟ್ ಹೋಗುತ್ತದೆ. ಎರಡನೆಯದು ತೀರಾ ಕಡಿಮೆ ಇತ್ತು. ಆ ಊರಿನ ವ್ಯಾಪಾರಿಗಳೆಲ್ಲ ಪಕ್ಕದ ಊರಿಗೆ ಕಾರಿನಲ್ಲಿ ಹೋಗಿ ಹತ್ತುತ್ತಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ವಿಮಾನ ಹೋಗಿಯಾಗಿತ್ತು. ಆ ಊರಿನವರು ಮನವಿ ಹಿಡಿದುಕೊಂಡು ಬಂದಾಗ ಅವರ ಮುಖ ನೋಡುವುದು ನನಗೆ ಕಷ್ಟವಾಯಿತು.

ಟಿಕೆಟ್ ಯಾಕೆ ಇಳಿಯುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸಣ್ಣ ವಿಮಾನದ ಒಂದು ಟ್ರಿಪ್ಪಿಗೆ ಖರ್ಚು ಕಡಿಮೆ, ಒಂದು ಸೀಟಿಗೆ ಜಾಸ್ತಿ. ಇಬ್ಬರು ಪೈಲಟ್ ಸಂಬಳ 180 ಜನರ ಮೇಲೆ ಹಂಚುವುದಕ್ಕೂ 78 ಜನರ ಮೇಲೆ ಹಂಚುವುದಕ್ಕೂ ವ್ಯತ್ಯಾಸ ಇಲ್ವಾ? ಜೊತೆಗೆ ಕಡಿಮೆ ದರದ ಸೀಟುಗಳೂ ಕಡಿಮೆ ಇರುತ್ತವೆ, ಬೇಗ ಮುಗಿಯುತ್ತವೆ. ನೀವು ಫೌಂಡ್ರಿಯವರು ಎರಡು ದಿನ ಮುಂಚೆ ಬುಕ್ ಮಾಡುತ್ತೀರಿ, ಆಗ ಉಳಿದಿರುವುದು ತುಟ್ಟಿ ಸೀಟು. ಜೇಬಿಗೆ ಬೇಸರದ ಮಾತು, ಗೊತ್ತು. ಆದರೆ ಬೆಳಗಿನ ವಿಮಾನ ಉಳಿದಿರುವುದು ಆ ತುಟ್ಟಿ ಸೀಟು ಕೊಳ್ಳುವ ನಿಮ್ಮಂಥವರಿಂದಲೇ. ದಿನಾಂಕ ಮೊದಲೇ ಗೊತ್ತಿರುವ ಕೆಲಸಕ್ಕಾದರೂ ಮೂರು ವಾರ ಮುಂಚೆ ಬುಕ್ ಮಾಡಿ, ಸರಾಸರಿ ಇಳಿಯುತ್ತದೆ.

ಮನೆಯವರ ಹೆದರಿಕೆ ಬಗ್ಗೆ. ಪಂಖಾ ಕಂಡರೆ ಹಳೇ ಕಾಲದ ವಿಮಾನ ಅನ್ನಿಸುವುದು ಸಹಜ. ಒಳಗಿರುವುದು ಜೆಟ್ಟಿನಲ್ಲಿರುವಂಥದ್ದೇ ಟರ್ಬೈನ್ ಎಂಜಿನ್, ಅದು ಪಂಖಾ ತಿರುಗಿಸುತ್ತದೆ, ಅಷ್ಟೇ. ಎರಡರಲ್ಲಿ ಒಂದು ನಿಂತರೂ ಇನ್ನೊಂದರ ಮೇಲೆ ಹಾರಿ ಇಳಿಯಬಲ್ಲದು. ಆ ಪರೀಕ್ಷೆ ಪಾಸಾಗದೆ ಇಂಥ ಎರಡು ಎಂಜಿನ್‌ನ ಯಾವ ಪ್ರಯಾಣಿಕ ವಿಮಾನಕ್ಕೂ ಪರವಾನಗಿ ಇಲ್ಲ. ಅಪಘಾತ ಆಗಿಯೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2023ರ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದು 72 ಜನ ಸತ್ತರು. ಇಳಿಯುವ ಹೊತ್ತಿಗೆ ತಪ್ಪಾದ ಲಿವರ್ ಎಳೆದು ಎರಡೂ ಪಂಖಾಗಳ ಬಲವೇ ಹೋದದ್ದು ಬಹುತೇಕ ಕಾರಣ ಅಂತ ಅಲ್ಲಿನ ತನಿಖೆ ಹೇಳಿತು. ಅದು ಮನುಷ್ಯರ ತಪ್ಪು, ಪಂಖಾದ್ದಲ್ಲ. ನಾನು ನನ್ನ ಮೊಮ್ಮಕ್ಕಳನ್ನು ಎಟಿಆರ್‌ನಲ್ಲಿ ಕರೆದುಕೊಂಡು ಹೋಗುತ್ತೇನೆ, ಮನಸ್ಸಿನಲ್ಲಿ ಅಳುಕಿಲ್ಲದೆ. ಕುಲುಕಾಟ ಮಾತ್ರ ಜಾಸ್ತಿ, ಅದನ್ನು ಒಪ್ಪುತ್ತೇನೆ. ಜೆಟ್ಟಿಗಿಂತ ಕೆಳಗೆ ಹಾರುತ್ತದೆ, ಮಳೆಗಾಲದಲ್ಲಿ ಮೋಡದ ಮೇಲೆ ಏರಿ ತಪ್ಪಿಸಿಕೊಳ್ಳಲು ಅಷ್ಟು ಜಾಗ ಇರುವುದಿಲ್ಲ. ರೆಕ್ಕೆಯ ಹತ್ತಿರದ ಸೀಟು ತೆಗೆದುಕೊಂಡರೆ ಕುಲುಕು ಕಡಿಮೆ. ಸ್ಯಾಂಪಲ್ ಎರಕದ ತುಂಡುಗಳನ್ನು ಒಯ್ಯುವಾಗ ಮಾತ್ರ ಹುಷಾರು. ತಲೆ ಮೇಲಿನ ಗೂಡು ಸಣ್ಣದು, ಟ್ರಾಲಿ ಬ್ಯಾಗನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ಬೆಂಗಳೂರಿಗೆ ಒಂದೇ ದಿನದಲ್ಲಿ ಹೋಗಿ ಬರುವ ಕೆಲಸಕ್ಕೆ ಸಾಂಬ್ರಾವನ್ನೇ ಹಿಡಿದುಕೊಳ್ಳಿ. ಇದರ ಅಪಾಯ ಅಂದರೆ, ದಿನಕ್ಕೆ ಇರುವುದೇ ಕೆಲವು ವಿಮಾನ, ಒಂದು ರದ್ದಾದರೆ ಇನ್ನೊಂದಕ್ಕೆ ಕಾಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಕೆಳಗಿಳಿದ ಮೋಡದಿಂದ ಇದು ಆಗಾಗ ಆಗುತ್ತದೆ. ತಪ್ಪಿಸಲಾಗದ ಸಭೆ ಇದ್ದರೆ ಹಿಂದಿನ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ, ಹಗಲಿನ ಎಂಟೂವರೆ ಗಂಟೆ ಹೋಗುತ್ತದೆ ಅನ್ನುವುದು ಬಿಟ್ಟರೆ ಆರಾಮ. ಹುಬ್ಬಳ್ಳಿ, ಗೋವಾ ಬೇಡ ಅನ್ನುವುದಿಲ್ಲ. ಇಲ್ಲಿಂದ ನೇರ ವಿಮಾನ ಇಲ್ಲದ ಊರಿಗೆ ಅಲ್ಲಿಂದ ಇದ್ದರೆ ಖಂಡಿತ ಹೋಗಿ. ಆದರೆ ಸಾವಿರ ರೂಪಾಯಿ ಉಳಿಯುತ್ತದೆ ಅಂತ ಬೆಂಗಳೂರಿಗೂ ಅಲ್ಲಿಂದಲೇ ಹೋದರೆ, ಟ್ಯಾಕ್ಸಿ ಬಾಡಿಗೆ, ಹೋಗಿ ಬರುವ ನಾಲ್ಕು ಗಂಟೆ ಸೇರಿಸಿ ಲೆಕ್ಕ ಹಾಕಿ ನೋಡಿ.

ನಿಮ್ಮ ಸಂಘ, ಚೇಂಬರ್‌ನವರು ಸೇರಿ ಮಾಡಬಹುದಾದ ಕೆಲಸವೂ ಇದೆ. ದಯವಿಟ್ಟು "ದೊಡ್ಡ ವಿಮಾನ ಬೇಕು" ಅಂತ ಮನವಿ ಕೊಡಬೇಡಿ. ಸಮಯ ಕೇಳಿ. ಬೆಳಿಗ್ಗೆ ಎಂಟರೊಳಗೆ ಹೊರಡುವ, ಸಂಜೆ ಆರರ ಮೇಲೆ ಬೆಂಗಳೂರಿನಿಂದ ಮರಳುವ ಜೋಡಿ ಕೇಳಿ. ಒಂದು ವಿಮಾನ ರಾತ್ರಿ ಸಾಂಬ್ರಾದಲ್ಲೇ ತಂಗಲಿ ಅಂತ ಕೇಳಿ, ಬೆಳಗಿನ ಹಾರಾಟ ಗಟ್ಟಿಯಾಗುವುದು ಹಾಗೇ. ಕೇಳುವಾಗ ಕೈಯಲ್ಲಿ ಕಾಗದ ಇರಲಿ. ಯಾವ ಕಾರ್ಖಾನೆ ತಿಂಗಳಿಗೆ ಎಷ್ಟು ಟಿಕೆಟ್ ಕೊಳ್ಳುತ್ತದೆ ಅನ್ನುವ ಲಿಖಿತ ಭರವಸೆ. ಅಮೆರಿಕದ ವಿಚಿಟಾ ಅನ್ನುವ ಊರು 2002ರಲ್ಲಿ ಇನ್ನೂ ಮುಂದೆ ಹೋಗಿ, ಏರ್‌ಟ್ರಾನ್ ಅನ್ನುವ ಅಗ್ಗದ ಕಂಪನಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಅಂತ ಸಾರ್ವಜನಿಕ ಹಣ ಇಟ್ಟು ಕರೆತಂದಿತು. ದರ ಇಳಿಯಿತು, ಆದರೆ ವರ್ಷವೂ ದುಡ್ಡು ಹಾಕುತ್ತಲೇ ಇರಬೇಕಾಯಿತು. ನಮಗೆ ನಾನು ಅದನ್ನು ಹೇಳುವುದಿಲ್ಲ. ಟಿಕೆಟ್ ಕೊಳ್ಳುವ ಭರವಸೆ ಸಾಕು.

ಗಮನ ಇಡಬೇಕಾದ ಗುರುತು ಯಾವುದು ಅಂತ ಕೇಳಿದರೆ, ವಿಮಾನದ ಗಾತ್ರ ನೋಡಬೇಡಿ. ಗಾತ್ರ ಇಳಿದು ಹಾರಾಟ ಅಷ್ಟೇ ಇದ್ದರೆ ಅಥವಾ ಹೆಚ್ಚಿದರೆ ಅದು ಅಳತೆಗೆ ತಕ್ಕ ಅಂಗಿ. ಗಾತ್ರವೂ ಇಳಿದು, ಹಾರಾಟವೂ ಇಳಿದು, ಬೆಳಗಿನದು ಮಧ್ಯಾಹ್ನಕ್ಕೆ ಜಾರಿ, ದಿನವೂ ಇದ್ದದ್ದು ವಾರಕ್ಕೆ ನಾಲ್ಕಾದರೆ ಕಂಪನಿ ಗಂಟುಮೂಟೆ ಕಟ್ಟುತ್ತಿದೆ ಅಂತ ತಿಳಿಯಿರಿ. ನಾಲ್ಕು ತಿಂಗಳ ಮುಂದಿನ ಟಿಕೆಟ್ ಮಾರುತ್ತಿದ್ದಾರಾ ಅಂತಲೂ ಆಗಾಗ ನೋಡಿ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಗೆ, ಬೇಸಿಗೆಯದ್ದು ಮಾರ್ಚ್ ಕೊನೆಗೆ ಬದಲಾಗುತ್ತದೆ. ಆ ಎರಡು ದಿನಾಂಕದ ಆಚೆಗೆ ಬುಕಿಂಗ್ ತುಂಬಾ ದಿನ ತೆರೆಯದೇ ಉಳಿದರೆ ಆಗಲೇ ಹೋಗಿ ಕೇಳಬೇಕು. ವಿಮಾನ ನಿಂತ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊನೆಗೆ ಮಗಳ ಪ್ರಯಾಣ. ಬೆಳಗಾವಿಯಿಂದ ಸೇಂಟ್ ಲೂಯಿಸ್‌ವರೆಗೆ ಒಂದೇ ಪಿಎನ್ಆರ್‌ನಲ್ಲಿ ಟಿಕೆಟ್ ಸಿಗುತ್ತದಾ ಅಂತ ಮೊದಲು ನೋಡಿ, ಸ್ವಲ್ಪ ತುಟ್ಟಿಯಾದರೂ ಅದನ್ನೇ ತೆಗೆದುಕೊಳ್ಳಿ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ದಾರಿ ಮಾಡಿಕೊಡುವ ಹೊಣೆ ಅವರದ್ದು. ಬೇರೆ ಬೇರೆ ಟಿಕೆಟ್ ಆದರೆ ಸಾಂಬ್ರಾದ ಮೋಡಕ್ಕೆ ಅಂತರರಾಷ್ಟ್ರೀಯ ಕಂಪನಿ ಜವಾಬ್ದಾರಿ ಹೊರುವುದಿಲ್ಲ, ಇಡೀ ದುಡ್ಡು ಹೋಗಬಹುದು. ಹಾಗಿದ್ದರೆ ಒಂದು ದಿನ ಮುಂಚೆಯೇ ಬೆಂಗಳೂರು ಮುಟ್ಟಲಿ. ದೊಡ್ಡ ವಿಮಾನದ ಬದಲು ಸಣ್ಣದು ಬಂದು, ಕನ್ಫರ್ಮ್ ಟಿಕೆಟ್ ಇದ್ದೂ ಸೀಟಿಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಂತೆ ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದಿದ್ದರೆ ಪರಿಹಾರ ಕೊಡಬೇಕು. 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, 10,000 ರೂಪಾಯಿ ಮಿತಿಯೊಳಗೆ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, 20,000 ರೂಪಾಯಿ ಮಿತಿಯೊಳಗೆ. ಕೌಂಟರಿನಲ್ಲೇ ಬರವಣಿಗೆಯಲ್ಲಿ ಕೇಳಿ, ಬೋರ್ಡಿಂಗ್ ಪಾಸ್ ಮತ್ತು ಮೆಸೇಜುಗಳ ಫೋಟೋ ಇಟ್ಟುಕೊಳ್ಳಿ.